ಫಾಕ್‌ಲ್ಯಾಂಡ್ ಚೌಕದಲ್ಲಿ ಒಬ್ಬ ಲೆಕ್ಕಿಗ



ನನ್ನನ್ನು ಪ್ರಧಾನ ಭಾಷಣಕ್ಕೆ ಕರೆದಾಗ ನಾನು ಕಾರ್ಯದರ್ಶಿಗಳಿಗೆ ಹೇಳಿದೆ, "ಸ್ವಾಮಿ, ನಾನು ಚಾರ್ಟರ್ಡ್ ಅಕೌಂಟೆಂಟ್. ನನಗೆ ಬರುವುದು ಎರಡೇ ಮಾತು. ರಸೀದಿ ಎಲ್ಲಿ? ದುಡ್ಡು ಎಲ್ಲಿಂದ ಬಂತು?" ಅವರು ನಕ್ಕು, "ಅದನ್ನೇ ಮಾತಾಡಿ" ಎಂದರು. ಆದ್ದರಿಂದ ಇವತ್ತು ಅದನ್ನೇ ಮಾತಾಡುತ್ತೇನೆ. ಆದರೆ ನಮ್ಮ ಸಂಘದ ಲೆಕ್ಕದಿಂದ ಶುರು ಮಾಡುವುದಿಲ್ಲ. ಒಂದು ಸ್ಕಾಟಿಷ್ ಹಳ್ಳಿಯ ಚರ್ಚು ಮತ್ತು ಅದರ ಮುಂದಿನ ಚೌಕದಿಂದ ಶುರು ಮಾಡುತ್ತೇನೆ.

ಹಳ್ಳಿಯ ಹೆಸರು ಫಾಕ್‌ಲ್ಯಾಂಡ್. ತಕ್ಷಣ ದಕ್ಷಿಣ ಅಟ್ಲಾಂಟಿಕ್‌ನ ದ್ವೀಪಗಳು ನೆನಪಾಗಬೇಡಿ. ಆ ದ್ವೀಪಗಳಿಗೆ ಹೆಸರು ಬಂದದ್ದು ವೈಕೌಂಟ್ ಫಾಕ್‌ಲ್ಯಾಂಡ್ ಎಂಬ ಪದವಿಯಿಂದ, ಆ ಪದವಿಗೆ ಹೆಸರು ಬಂದದ್ದು ಫೈಫ್ ಪ್ರಾಂತ್ಯದ ಈ ಪುಟ್ಟ ಊರಿನಿಂದ. ಎಡಿನ್‌ಬರೋದಿಂದ ಹೊರಟು ಫೋರ್ತ್ ಕೊಲ್ಲಿಯ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಸುಮಾರು ಒಂದು ಗಂಟೆಯ ದಾರಿ. ಲೊಮಂಡ್ ಬೆಟ್ಟಗಳ ಬುಡದಲ್ಲಿ ಕಲ್ಲಿನ ಮನೆಗಳು, ಇಕ್ಕಟ್ಟಾದ ಬೀದಿಗಳು, ಸಾವಿರದ ಆಸುಪಾಸು ಜನ. 1458ರಲ್ಲಿ ರಾಜನ ಸನ್ನದು ಪಡೆದು ರಾಯಲ್ ಬರ್ಗ್ ಆದ ಊರು. ಸ್ಕಾಟ್‌ಲ್ಯಾಂಡಿನಲ್ಲಿ ಮೊಟ್ಟಮೊದಲು ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದದ್ದೂ ಇದೇ ಊರು, 1970ರಲ್ಲಿ.

ನಿಮ್ಮಲ್ಲಿ ಹಲವರು ಈ ಚೌಕವನ್ನು ಗೊತ್ತಿಲ್ಲದೆಯೇ ನೋಡಿದ್ದೀರಿ. 'ಔಟ್‌ಲ್ಯಾಂಡರ್' ಧಾರಾವಾಹಿಯ ಮೊದಲ ಕಂತಿನಲ್ಲಿ 1940ರ ದಶಕದ ಇನ್ವರ್ನೆಸ್ ಎಂದು ತೋರಿಸುವುದು ಇದೇ ಜಾಗ. ಕಾರಂಜಿಯ ಪಕ್ಕ ನಿಂತು ಮಹಡಿಯ ಕಿಟಕಿಯನ್ನು ನೋಡುವ ಆ ನೆರಳು ನೆನಪಿದೆಯಲ್ಲ? ನನ್ನ ಮಗಳಿಗೆ ಆ ಕಾರಂಜಿಯ ಮುಂದೆ ಫೋಟೋ ತೆಗೆಸಿಕೊಳ್ಳಬೇಕಿತ್ತು. ಆ ನೆಪದಲ್ಲೇ ನಾನು ಮೊದಲ ಸಲ ಅಲ್ಲಿಗೆ ಹೋದದ್ದು. ಅವಳು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ನಾನು ಎಂದಿನಂತೆ ಕಲ್ಲಿನ ಮೇಲಿನ ಹೆಸರು ಓದುತ್ತಾ ನಿಂತೆ.

ಚೌಕದಲ್ಲಿ ನಿಂತು ಸುತ್ತ ಒಮ್ಮೆ ಕಣ್ಣಾಡಿಸಿದರೆ ಊರಿನ ಐದುನೂರು ವರ್ಷ ಒಟ್ಟಿಗೆ ಕಾಣುತ್ತದೆ. ಒಂದು ಪಕ್ಕ ಸ್ಟುವರ್ಟ್ ರಾಜರ ಬೇಟೆಯ ಅರಮನೆ. ಐದನೆಯ ಜೇಮ್ಸ್ 1542ರಲ್ಲಿ ಕೊನೆಯುಸಿರೆಳೆದದ್ದು ಇಲ್ಲಿಯೇ. ಅವನಿಗಾಗಿ 1539ರಲ್ಲಿ ಕಟ್ಟಿದ ಟೆನಿಸ್ ಅಂಗಳ ಇನ್ನೂ ಇದೆ. ಇನ್ನೊಂದು ಕಡೆ 1801ರ ಟೌನ್ ಹಾಲ್. ನಡುವೆ 1856ರ ಕಾರಂಜಿ, ಗುರಾಣಿ ಹಿಡಿದು ಕೂತ ಕಲ್ಲಿನ ಸಿಂಹಗಳು. ಅದರ ಹತ್ತಿರವೇ ಚೂಪು ಗೋಪುರದ ಪ್ಯಾರಿಷ್ ಚರ್ಚು, 1850ರಲ್ಲಿ ಮುಗಿದದ್ದು. ಕಟ್ಟಿದವನು ಡೇವಿಡ್ ಬ್ರೈಸ್. ಎಡಿನ್‌ಬರೋದ ಮೌಂಡ್ ಮೇಲೆ ಬ್ಯಾಂಕ್ ಆಫ್ ಸ್ಕಾಟ್‌ಲ್ಯಾಂಡಿನ ಭವ್ಯ ಕಟ್ಟಡಕ್ಕೆ ಈಗಿನ ರೂಪ ಕೊಟ್ಟವನೂ ಅವನೇ. ಚರ್ಚಿನ ಬಳಿ ಒಂದು ಪ್ರತಿಮೆ. ಅದನ್ನು ಮಾಡಿದ ಜಾನ್ ಸ್ಟೀಲ್ ಪ್ರಿನ್ಸಸ್ ಸ್ಟ್ರೀಟಿನ ಸ್ಮಾರಕದೊಳಗೆ ಕೂತಿರುವ ವಾಲ್ಟರ್ ಸ್ಕಾಟ್‌ನನ್ನು ಕೆತ್ತಿದ ಶಿಲ್ಪಿ.

ಚರ್ಚು, ಕಾರಂಜಿ, ಪ್ರತಿಮೆ ಮೂರೂ ಒಂದೇ ಹೆಸರು ಹೇಳುತ್ತವೆ. ಒನೆಸಿಫೋರಸ್ ಟಿಂಡಲ್ ಬ್ರೂಸ್. ಊರಿನ ಮೇಲಿನ ಗುಡ್ಡದಲ್ಲಿ ಕಾಣುವ ಸ್ಮಾರಕ ಗೋಪುರವೂ ಅವನದೇ. ಒನೆಸಿಫೋರಸ್ ಎಂಬುದು ಬೈಬಲ್ಲಿನಲ್ಲಿ ಬರುವ ಗ್ರೀಕ್ ಹೆಸರು. ಅರ್ಥ ಏನು ಗೊತ್ತೇ? ಲಾಭ ತರುವವನು. ಲೆಕ್ಕಿಗನಾದ ನನಗೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಬೇಕೇ? ಲಾಭ ಎಂದ ಮೇಲೆ ಖಾತೆ ತೆರೆಯಲೇಬೇಕು.

ಖಾತೆ ತೆರೆಯುವ ಮೊದಲು ಸ್ಕಾಟ್‌ಲ್ಯಾಂಡಿನ ಪ್ಯಾರಿಷ್ ಚರ್ಚು ಎಂದರೇನು ಎಂದು ಸ್ವಲ್ಪ ಹೇಳಬೇಕು. ನಾವು ಹೊರಗಿನಿಂದ ನೋಡಿದಾಗ ಅದು ಭಾನುವಾರ ಪ್ರಾರ್ಥನೆ ಮಾಡುವ ಜಾಗ ಎಂದುಕೊಳ್ಳುತ್ತೇವೆ. ಆದರೆ ಮುನ್ನೂರು ವರ್ಷ ಕಾಲ ಅದು ಹಳ್ಳಿಯ ಪಂಚಾಯಿತಿ, ಕೋರ್ಟು, ಶಾಲಾ ಸಮಿತಿ, ಬಡವರ ನಿಧಿ ಎಲ್ಲವೂ ಆಗಿತ್ತು. ಪಾದ್ರಿ ಮತ್ತು ಹಿರಿಯರು ಸೇರಿದ ಸಭೆಗೆ ಕರ್ಕ್ ಸೆಷನ್ ಎಂದು ಹೆಸರು. ಬಾಗಿಲಲ್ಲಿ ಹಿರಿಯರು ತಟ್ಟೆ ಹಿಡಿದು ನಿಂತು ಕಾಸು ಕೂಡಿಸುತ್ತಿದ್ದರು. ಶವದ ಮೇಲೆ ಹೊದಿಸುವ ಬಟ್ಟೆಯನ್ನು ಬಾಡಿಗೆಗೆ ಕೊಟ್ಟು, ತಪ್ಪು ಮಾಡಿದವರಿಗೆ ದಂಡ ಹಾಕಿ, ಅದೆಲ್ಲವನ್ನೂ ಬಡವರ ಪೆಟ್ಟಿಗೆಗೆ ಹಾಕುತ್ತಿದ್ದರು. ಎಷ್ಟೋ ಕಡೆ ಆ ಪೆಟ್ಟಿಗೆಗೆ ಎರಡು ಬೀಗ, ಎರಡು ಕೀಲಿ, ಇಬ್ಬರು ಬೇರೆ ಬೇರೆ ಮನುಷ್ಯರ ಕೈಯಲ್ಲಿ. ಒಬ್ಬನೇ ತೆಗೆಯುವಂತಿಲ್ಲ. ಇವತ್ತು ನಮ್ಮ ಸಂಘದ ಚೆಕ್ಕಿಗೆ ಇಬ್ಬರ ಸಹಿ ಯಾಕೆ ಎಂದು ಕೇಳುತ್ತೀರಲ್ಲ, ಉತ್ತರ ಅಲ್ಲಿದೆ. ಪೆಟ್ಟಿಗೆಯಲ್ಲಿ ಸವಕಲು ನಾಣ್ಯ, ಖೋಟಾ ನಾಣ್ಯ ಎಷ್ಟು ಬಿತ್ತು ಎಂಬುದನ್ನೂ ಅವರು ಬರೆದಿಡುತ್ತಿದ್ದರು. ದೇವರಿಗೇ ಸವಕಲು ಕಾಸು ಹಾಕುವ ಜನ ಎಲ್ಲ ಊರಲ್ಲೂ ಇರುತ್ತಾರೆ ಅಂತಾಯಿತು.

ಕಟ್ಟಡದ ಖರ್ಚು ಮಾತ್ರ ಈ ಪೆಟ್ಟಿಗೆಯದಲ್ಲ. ಚರ್ಚು, ಪಾದ್ರಿಯ ಮನೆ, ಶಾಲೆ ಇವನ್ನು ಕಟ್ಟಿಸಿ ಕಾಪಾಡುವುದು ಆ ಪ್ಯಾರಿಷ್‌ನ ಭೂಮಾಲೀಕರ ಕಾನೂನುಬದ್ಧ ಹೊಣೆ. ಅವರನ್ನು ಹೆರಿಟರ್ಸ್ ಎನ್ನುತ್ತಿದ್ದರು. ಭೂಮಿಯ ಮೌಲ್ಯಕ್ಕೆ ತಕ್ಕಂತೆ ಪಾಲು, ಪಾಲಿಗೆ ತಕ್ಕಂತೆ ಚರ್ಚಿನೊಳಗೆ ಕೂರುವ ಜಾಗ. ಚರ್ಚು ಮತ್ತು ಪಾದ್ರಿಯ ಮನೆಯ ಮಟ್ಟಿಗೆ 1925ರ ಕಾಯ್ದೆ ಬರುವವರೆಗೂ ಈ ವ್ಯವಸ್ಥೆ ನಡೆದಿತ್ತು. ಇನ್ನು, ಫಾಕ್‌ಲ್ಯಾಂಡಿನ ಚರ್ಚು ಎದ್ದ ಕಾಲವನ್ನು ನೋಡಿ. 1843ರಲ್ಲಿ ಸ್ಕಾಟ್‌ಲ್ಯಾಂಡಿನ ಚರ್ಚು ಒಡೆದು ಸುಮಾರು ಮೂರನೇ ಒಂದು ಭಾಗ ಪಾದ್ರಿಗಳು ಸಂಬಳ, ಮನೆ ಬಿಟ್ಟು ಹೊರನಡೆದು ಫ್ರೀ ಚರ್ಚ್ ಕಟ್ಟಿದ್ದರು. ಭೂಮಾಲೀಕರು ತಮಗೆ ಬೇಕಾದವರನ್ನು ಪಾದ್ರಿಯಾಗಿ ನೇಮಿಸುವ ಹಕ್ಕೇ ಜಗಳದ ಮೂಲ. 1845ರ ಕಾಯ್ದೆಯಿಂದ ಬಡವರ ಪಾಲನೆ ಚರ್ಚಿನ ಕೈತಪ್ಪಿ ಹೊಸ ಮಂಡಳಿಗಳ ಕಡೆ ಹೋಗತೊಡಗಿತ್ತು. ಇಂಥ ಹೊತ್ತಿನಲ್ಲಿ ಹಳೆಯ ಚರ್ಚಿನ ಜಾಗದಲ್ಲಿ ಒಬ್ಬ ಜಮೀನ್ದಾರ ತನ್ನ ಖರ್ಚಿನಲ್ಲಿ ದೊಡ್ಡ ಹೊಸ ಚರ್ಚು ಕಟ್ಟಿಸಿ ಕೊಡುತ್ತಾನೆ. ಅದು ದಾನವೂ ಹೌದು, ಚೌಕದಲ್ಲಿ ನಿಂತು "ಈ ಊರು ಯಾರದು" ಎಂದು ಹೇಳಿದ ಮಾತೂ ಹೌದು ಎಂದು ನನಗನ್ನಿಸುತ್ತದೆ.

ನಮ್ಮ ವೃತ್ತಿಯವರಿಗೊಂದು ಸಣ್ಣ ಸಂತೋಷ: ಚರ್ಚು 1850, ಕಾರಂಜಿ 1856. ಇವೆರಡರ ನಡುವೆ, 1854ರಲ್ಲಿ, ಎಡಿನ್‌ಬರೋದ ಲೆಕ್ಕಿಗರ ಸಂಘಕ್ಕೆ ರಾಣಿಯ ಸನ್ನದು ಸಿಕ್ಕಿತು. ಜಗತ್ತಿನ ಮೊದಲ ಚಾರ್ಟರ್ಡ್ ಅಕೌಂಟೆಂಟುಗಳು ಅವರು. ನಮ್ಮ ಭಾರತದ ಕಾಯ್ದೆ ಬಂದದ್ದು 1949ರಲ್ಲಿ. ಅಂದರೆ ಈ ಕಾರಂಜಿಯಲ್ಲಿ ನೀರು ಬರುವ ಹೊತ್ತಿಗೆ, ಲೆಕ್ಕ ಕೇಳುವುದನ್ನೇ ವೃತ್ತಿ ಮಾಡಿಕೊಂಡವರು ಕೊಲ್ಲಿಯ ಆಚೆ ಬೋರ್ಡು ಹಾಕಿಕೊಂಡು ಕೂತಿದ್ದರು. ತಡವಾಗಿಯಾದರೂ ಲೆಕ್ಕ ಕೇಳೋಣ.

ಜೋಡಿ ನಮೂದು ಪದ್ಧತಿಯಲ್ಲಿ ಯಾವ ಆಸ್ತಿಯೂ ಒಂಟಿಯಾಗಿ ನಿಲ್ಲುವುದಿಲ್ಲ. ಎಡಗಡೆ ಚರ್ಚು ಎಂದು ಬರೆದರೆ ಬಲಗಡೆ ಅದರ ಮೂಲ ಬರೆಯಲೇಬೇಕು. ಫಾಕ್‌ಲ್ಯಾಂಡ್ ಎಸ್ಟೇಟಿನ ಬಲಗಡೆ ಏನಿದೆ?

ಮೊದಲ ಹೆಸರು ಜಾನ್ ಬ್ರೂಸ್. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರದ ಪ್ರೊಫೆಸರ್. ಆ ಕಾಲದಲ್ಲಿ ಸ್ಕಾಟ್‌ಲ್ಯಾಂಡನ್ನೂ ಇಂಡಿಯಾದ ನೇಮಕಾತಿಗಳನ್ನೂ ಮುಷ್ಟಿಯಲ್ಲಿ ಹಿಡಿದಿದ್ದ ಹೆನ್ರಿ ಡಂಡಾಸ್‌ನ ಕೃಪೆಯಿಂದ ಲಂಡನ್ನಿಗೆ ಹೋಗಿ ಸರ್ಕಾರಿ ದಾಖಲೆಗಳ ಪಾಲಕನಾದ, ಪಾರ್ಲಿಮೆಂಟ್ ಸದಸ್ಯನಾದ, ಈಸ್ಟ್ ಇಂಡಿಯಾ ಕಂಪನಿಯ ಅಧಿಕೃತ ಇತಿಹಾಸಕಾರನಾದ. 1810ರಲ್ಲಿ ಕಂಪನಿಯ ವಾರ್ಷಿಕ ವೃತ್ತಾಂತವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ. ಹೀಗೆ ಕೂಡಿಟ್ಟದ್ದರಲ್ಲಿ 1820ರ ಸುಮಾರಿಗೆ ಫಾಕ್‌ಲ್ಯಾಂಡಿನ ಜಮೀನು ಕೊಂಡ, ಹಾಳುಬಿದ್ದಿದ್ದ ಅರಮನೆಗೆ ರಿಪೇರಿ ಮಾಡಿಸಿದ. 1826ರಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ.

ಎರಡನೆಯ ಹೆಸರು ಅವನ ಸೋದರ ಕರ್ನಲ್ ರಾಬರ್ಟ್ ಬ್ರೂಸ್. ಬಂಗಾಳದಲ್ಲಿ ಕಂಪನಿಯ ಸೈನ್ಯದಲ್ಲಿದ್ದವನು. ಕಂಪನಿಯ ಅಧಿಕಾರಿಯ ಆದಾಯ ಎಂದರೆ ಬರೀ ಸಂಬಳವಲ್ಲ. ಭತ್ಯೆ, ಖಾಸಗಿ ವ್ಯಾಪಾರ, ಯುದ್ಧ ಗೆದ್ದರೆ ಲೂಟಿಯ ಪಾಲು. ಅದಕ್ಕೆ ಪ್ರೈಜ್ ಮನಿ ಎಂಬ ಮರ್ಯಾದೆಯ ಹೆಸರು. 1799ರ ಶ್ರೀರಂಗಪಟ್ಟಣ ಗೊತ್ತಿರುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಫಾಕ್‌ಲ್ಯಾಂಡಿನಿಂದ ಪಶ್ಚಿಮಕ್ಕೆ, ಪರ್ತ್‌ಶೈರಿನ ಕ್ರೀಫ್ ಬಳಿಯ ಗುಡ್ಡದ ಮೇಲೆ, ಆ ಮುತ್ತಿಗೆಯಲ್ಲಿ ಕೋಟೆ ಹೊಕ್ಕ ಡೇವಿಡ್ ಬೇರ್ಡ್‌ಗೆ ಅವನ ಹೆಂಡತಿ ನಿಲ್ಲಿಸಿದ ಕಂಬ ಇವತ್ತಿಗೂ ಇದೆ. ಇಂಥ ಹಣ ಹುಂಡಿಯ ರೂಪದಲ್ಲಿ ಲಂಡನ್ನಿಗೆ ಬಂದು, ಸ್ಕಾಟ್‌ಲ್ಯಾಂಡಿನ ಎಷ್ಟೋ ಹಳ್ಳಿಗಳಲ್ಲಿ ಜಮೀನಾಗಿ, ಮಹಲಾಗಿ ನಿಂತಿದೆ. ನಾವು ತಿಂಗಳ ಕೊನೆಗೆ ಮೊಬೈಲಿನಲ್ಲಿ ಊರಿಗೆ ದುಡ್ಡು ಕಳಿಸುತ್ತೇವಲ್ಲ, ಅದರ ತಿರುಗುಮುರುಗು ದಾರಿ.

ಮೂರನೆಯ ಹೆಸರಿಗಾಗಿಯೇ ನಾನು ಇವತ್ತು ಇಲ್ಲಿ ನಿಂತಿರುವುದು. ಮಾರ್ಗರೆಟ್. ಕರ್ನಲ್ ಬ್ರೂಸ್‌ನ ಮಗಳು. ಹುಟ್ಟಿದ್ದು ಇಂಡಿಯಾದಲ್ಲಿ. ತಾಯಿ ಒಬ್ಬ ಭಾರತೀಯ ಹೆಂಗಸು. ತಂದೆ ತಾಯಿಗೆ ಮದುವೆಯಾಗಿರಲಿಲ್ಲ. ಅಂದಿನ ಸ್ಕಾಟಿಷ್ ಕಾನೂನಿನಲ್ಲಿ ಅಂಥ ಮಗುವಿಗೆ ತಾನಾಗಿ ಬರುವ ಪಿತ್ರಾರ್ಜಿತ ಹಕ್ಕು ಇಲ್ಲ. ಯಾರಾದರೂ ಪತ್ರ ಬರೆದು ಕೊಟ್ಟರೆ ಉಂಟು. ಹಾಗೆ ತಂದೆಯ ಸೋದರನಿಂದ ಫಾಕ್‌ಲ್ಯಾಂಡ್ ಎಸ್ಟೇಟು ಅವಳಿಗೆ ಬಂತು. ಎರಡು ವರ್ಷದ ನಂತರ, 1828ರಲ್ಲಿ, ಅವಳು ಬ್ರಿಸ್ಟಲ್‌ನ ವಕೀಲ ಒನೆಸಿಫೋರಸ್ ಟಿಂಡಲ್‌ನನ್ನು ಮದುವೆಯಾದಳು. ಅವನು ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಟಿಂಡಲ್ ಬ್ರೂಸ್ ಆದ. ಅವನ ಟಿಂಡಲ್ ಮನೆತನವೂ ಬರಿಗೈ ಮನೆತನವಲ್ಲ. ಬ್ರಿಸ್ಟಲ್‌ನಲ್ಲಿ ಬ್ಯಾಂಕಿಂಗ್‌ನಲ್ಲೂ ಅಟ್ಲಾಂಟಿಕ್ ಗುಲಾಮರ ವ್ಯಾಪಾರದಲ್ಲೂ ಹಣ ಮಾಡಿದವರು.

ಈಗ ಚೌಕವನ್ನು ಮತ್ತೆ ನೋಡಿ. ಎಸ್ಟೇಟು ಬಂದದ್ದು ಮಾರ್ಗರೆಟ್‌ಳಿಂದ. ಬ್ರೂಸ್ ಎಂಬ ಹೆಸರು ಬಂದದ್ದೂ ಅವಳಿಂದ. ಚರ್ಚಿನ ಪಕ್ಕ ನಿಂತಿರುವ ಪ್ರತಿಮೆ ಗಂಡನದು. 1855ರಲ್ಲಿ ಅವನು ತೀರಿಕೊಂಡ ಮೇಲೆ ಗುಡ್ಡದ ಮೇಲೆ ಸ್ಮಾರಕ ಎತ್ತಿಸಿದವಳು ಅವಳೇ. 1869ರವರೆಗೆ ಬದುಕಿದ್ದಳು. ಅವಳ ತಾಯಿ? ಚೌಕದ ಯಾವ ಕಲ್ಲಿನ ಮೇಲೂ ಆ ತಾಯಿಯ ಹೆಸರಿಲ್ಲ. ಇತಿಹಾಸ ಬರೆಯುವವರು ಅವಳನ್ನು "ಒಬ್ಬ ಭಾರತೀಯ ಮಹಿಳೆ" ಎಂದು ಕರೆದು ಮುಂದೆ ಹೋಗುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, "ಇತರೆ".

ಆ ಊರಿನಲ್ಲೇ ಇದಕ್ಕೆ ವಿರುದ್ಧವಾದದ್ದೂ ಒಂದಿದೆ. ಚೌಕದಿಂದ ಪಕ್ಕದ ಬೀದಿಗಳಿಗೆ ಇಳಿದರೆ ಹಳೆಯ ಮನೆಗಳ ಬಾಗಿಲ ಮೇಲಿನ ಕಲ್ಲಿನಲ್ಲಿ ಇಸವಿ ಮತ್ತು ಎರಡು ಜೊತೆ ಅಕ್ಷರ ಕೆತ್ತಿರುತ್ತದೆ. ಇವನ್ನು ಮದುವೆಯ ಕಲ್ಲು ಎನ್ನುತ್ತಾರೆ. ಒಂದು ಜೊತೆ ಗಂಡನ ಹೆಸರಿನದು, ಇನ್ನೊಂದು ಹೆಂಡತಿಯದು. ಆಗಿನ ಸ್ಕಾಟಿಷ್ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದುದರಿಂದ ಆ ಅಕ್ಷರಗಳು ಅವಳವೇ. ಅರಮನೆಯ ಆಳುಕಾಳು, ಕುಶಲಕರ್ಮಿ, ಮಗ್ಗದಲ್ಲಿ ಲಿನನ್ ನೇಯುವವನು, ಇಂಥವರ ಊರು ಅದು. ಅವರ ಮನೆ ಬಾಗಿಲ ಮೇಲೆ ಇಬ್ಬರ ಹೆಸರೂ ಇದೆ. ಜಮೀನ್ದಾರನ ಚೌಕದಲ್ಲಿ ಒಬ್ಬನದೇ ಇದೆ.

ನಾನು ಇದನ್ನು ನೋಡಿ ಸುಮ್ಮನೆ ತಲೆದೂಗಿ ಬರಬಹುದಿತ್ತು. "ನೋಡಿ, ಬ್ರಿಟಿಷರು ಹೀಗೆ" ಎಂದು ವಾಟ್ಸಾಪ್‌ನಲ್ಲಿ ಹಾಕಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಆಗಲಿಲ್ಲ. ಯಾಕೆಂದರೆ ನಮ್ಮೂರಿನ ಗುಡಿಯ ನೆಲ ನೆನಪಾಯಿತು.

ನಮ್ಮೂರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಆಂಜನೇಯನ ಗುಡಿಯ ಮುಂದಿನ ಮಂಟಪದ ನೆಲದಲ್ಲಿ ನಮ್ಮ ತಾತನ ಹೆಸರಿನ ಕಲ್ಲಿದೆ. ಹೆಸರು, ತಂದೆಯ ಹೆಸರು, ಕೆಳಗೆ "ಸೇವಾರ್ಥ". ಚಿಕ್ಕಂದಿನಲ್ಲಿ ನಾನು ಆ ಕಲ್ಲಿನ ಮೇಲೇ ಕೂತು ಪ್ರಸಾದ ತಿಂದವನು, ಹೆಮ್ಮೆಯಿಂದ. ಆ ಮಂಟಪಕ್ಕೆ ದುಡ್ಡು ಹೊಂದಿದ್ದು ಹೇಗೆ ಎಂದು ಗೊತ್ತಾದದ್ದು ಆರ್ಟಿಕಲ್‌ಶಿಪ್ ಮುಗಿಸಿ ಊರಿಗೆ ಹೋದಾಗ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಲೆಕ್ಕ ಮಾತ್ರ ಬಾಯಲ್ಲೇ. "ನೀನು ಲೆಕ್ಕದ ಪರೀಕ್ಷೆ ಪಾಸು ಮಾಡಿದೀಯಂತೆ, ಇದೊಂದು ಲೆಕ್ಕ ಹೇಳು" ಎಂದು ತನ್ನ ತವರಿನ ಕಾಸಿನ ಸರದ ಕಥೆ ಹೇಳಿದರು. ಎಷ್ಟು ಕಾಸು, ಎಷ್ಟು ತೂಕ, ತಿಪಟೂರಿನಲ್ಲಿ ಎಷ್ಟಕ್ಕೆ ಮಾರಿದ್ದು, ಅದರಲ್ಲಿ ಎಷ್ಟು ಚಪ್ಪಡಿ, ಎಷ್ಟು ಕೂಲಿ. ಎಲ್ಲ ಹೇಳಿ, "ಕಲ್ಲಿನಲ್ಲಿ ನನ್ನ ಹೆಸರು ಹಾಕಿಸು ಅಂತ ನಾನು ಕೇಳಲಿಲ್ಲ. ಅವರಿಗೂ ಹೊಳೀಲಿಲ್ಲ" ಎಂದರು. ದೂರಿನ ದನಿಯಲ್ಲ. ಲೆಕ್ಕ ತಾಳೆಯಾಗಲಿಲ್ಲ ಎನ್ನುವ ದನಿ.

ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಹೀಗಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ದಾನಶಾಸನ ಎಂದರೆ ನನ್ನ ಕಣ್ಣಿಗೆ ಅಚ್ಚುಕಟ್ಟಾದ ಟ್ರಸ್ಟ್ ಡೀಡ್. ಕೊಟ್ಟವರು ಯಾರು, ಎಷ್ಟು ಭೂಮಿ, ಗಡಿ ಎಲ್ಲಿ, ಯಾವ ಕೆಲಸಕ್ಕೆ, ಕೆಡಿಸಿದವನಿಗೆ ಏನು ಶಾಪ, ಎಲ್ಲವೂ ಇರುತ್ತದೆ. ಲಕ್ಕುಂಡಿಯ 1007ರ ಶಾಸನದಲ್ಲಿ ಅತ್ತಿಮಬ್ಬೆ ಇದ್ದಾಳೆ. ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲ ಲೋಕಮಹಾದೇವಿ ಕಟ್ಟಿಸಿದ್ದು ಎಂದು ಕಲ್ಲೇ ಹೇಳುತ್ತದೆ. ಆದರೆ ಅವರು ರಾಣಿಯರು, ದಂಡನಾಯಕರ ಮನೆಯವರು. ಕಾಸಿನ ಸರ ಬಿಚ್ಚಿಕೊಟ್ಟ ಹೆಂಗಸರಿಗೆ ಕಲ್ಲು ಸಿಕ್ಕಿದ್ದು ಕಡಿಮೆ.

ಇರಲಿ. ತಾತನ ತಪ್ಪು ತಾತನದು ಎಂದು ಕೈತೊಳೆದುಕೊಳ್ಳೋಣ ಎಂದರೆ, ಅದೇ ತಪ್ಪನ್ನು ನಾನೂ ಮಾಡಿದ್ದೇನೆ, ನಿಮ್ಮೆಲ್ಲರ ಎದುರಿಗೇ ಮಾಡಿದ್ದೇನೆ. ನಾನು ಖಜಾಂಚಿಯಾದ ಮೊದಲ ವರ್ಷ ವಾರ್ಷಿಕ ವರದಿ ಚೊಕ್ಕವಾಗಿ ಕಾಣಲಿ ಎಂದು ಒಂದು ನಿಯಮ ತಂದೆ. ಒಂದೇ ಸಲಕ್ಕೆ 250 ಪೌಂಡ್ ಅಥವಾ ಹೆಚ್ಚು ಕೊಟ್ಟವರ ಹೆಸರು ಪಟ್ಟಿಯಲ್ಲಿ, ಉಳಿದದ್ದು "ಇತರೆ ದೇಣಿಗೆಗಳು" ಎಂಬ ಒಂದು ಸಾಲಿನಲ್ಲಿ. ಯಾರೂ ಆಕ್ಷೇಪಿಸಲಿಲ್ಲ. ಆ ವರ್ಷದ ಸಭೆ ಮುಗಿದು ಕುರ್ಚಿ ಮಡಚುತ್ತಿದ್ದಾಗ ಒಬ್ಬ ಹೆಣ್ಣುಮಗಳು ಬಂದು ಮೆಲ್ಲಗೆ ಕೇಳಿದರು, "ಸರ್, ನನ್ನ ದುಡ್ಡು ನಿಮಗೆ ಬರ್ತಾ ಇದೆ ತಾನೇ? ಪುಸ್ತಕದಲ್ಲಿ ಕಾಣಲಿಲ್ಲ." ವೃದ್ಧರ ಆರೈಕೆ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡುವವರು. ತಿಂಗಳಿಗೆ 10 ಪೌಂಡ್, ಸ್ಟ್ಯಾಂಡಿಂಗ್ ಆರ್ಡರ್, ಒಂದು ತಿಂಗಳೂ ತಪ್ಪದೆ ನಾಲ್ಕು ವರ್ಷ. ಒಟ್ಟು 480 ಪೌಂಡ್. ಒಂದೇ ಸಲ 250 ಕೊಟ್ಟು ಆಮೇಲೆ ಈ ಕಡೆ ತಲೆಹಾಕದವರ ಹೆಸರು ದಪ್ಪಕ್ಷರದಲ್ಲಿತ್ತು. ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿದೆ. "ಇತರೆ" ಎಂಬ ಆ ಒಂದು ಸಾಲಿನ ಮೊತ್ತ, ಹೆಸರಿದ್ದವರೆಲ್ಲರ ಮೊತ್ತಕ್ಕಿಂತ ದೊಡ್ಡದಿತ್ತು. ಒಂದು ರೂಪಾಯಿಯ ತಪ್ಪೂ ಇಲ್ಲದ ಲೆಕ್ಕ, ಆದರೆ ಸುಳ್ಳು ಹೇಳುವ ಲೆಕ್ಕ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ನಾಳೆ ಬೆಳಗಿನ ಸಾಮಾನ್ಯ ಸಭೆಯಲ್ಲಿ ನಮ್ಮದೇ ಒಂದು ಕಟ್ಟಡ ಕೊಳ್ಳುವ ಪ್ರಸ್ತಾಪ ಇದೆ. ಸ್ಕಾಟ್‌ಲ್ಯಾಂಡಿನಲ್ಲಿ ಚರ್ಚಿಗೆ ಹೋಗುವವರು ಕಡಿಮೆಯಾಗಿ, ಪ್ಯಾರಿಷ್‌ಗಳು ಒಂದರಲ್ಲೊಂದು ಸೇರಿ, ಎಷ್ಟೋ ಚರ್ಚುಗಳೂ ಹಾಲ್‌ಗಳೂ ಮಾರಾಟಕ್ಕಿವೆ. ನಾವು ನೋಡಿರುವುದೂ ಅಂಥದೇ ಒಂದು ಹಳೆಯ ಹಾಲ್. ಅದನ್ನು ಕೊಂಡರೆ ನಾವೂ ಒಂದು ಊರಿನ ಚೌಕದ ಭಾಗವಾಗುತ್ತೇವೆ. ನಮ್ಮ ಬಾಗಿಲ ಮೇಲೂ ಒಂದು ಕಲ್ಲು ಬರುತ್ತದೆ. ಅದರ ಮೇಲೆ ಏನು ಬರೆಯುತ್ತೇವೆ ಎಂಬುದು ಈಗಲೇ ತೀರ್ಮಾನವಾಗಲಿ ಎಂಬುದು ನನ್ನ ವಿನಂತಿ. ಕಟ್ಟಡ ಎದ್ದ ಮೇಲೆ ಬಣ್ಣ ಬದಲಿಸಬಹುದು, ಕಲ್ಲು ಬದಲಿಸುವುದು ಕಷ್ಟ.

ನನ್ನ ಸಲಹೆಗಳು ನಾಲ್ಕು.

ಒಂದು, ದಾನಿಗಳ ಫಲಕದಲ್ಲಿ ಎಲ್ಲರ ಹೆಸರೂ ಇರಲಿ, ಅಕಾರಾದಿಯಾಗಿ, ಮೊತ್ತವಿಲ್ಲದೆ. ಒಂದು ಪೌಂಡ್ ಕೊಟ್ಟವರೂ ಇರಲಿ. ಬೇಡ ಎಂದವರ ಹೆಸರು ಬೇಡ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವವರನ್ನು ಗೌರವಿಸೋಣ. ಮೊತ್ತದ ಲೆಕ್ಕ ಪುಸ್ತಕದಲ್ಲಿರುತ್ತದೆ, ಯಾವ ಸದಸ್ಯರಾದರೂ ಬಂದು ನೋಡಬಹುದು. ದಂಪತಿಗಳು ಕೊಟ್ಟರೆ ಇಬ್ಬರ ಹೆಸರನ್ನೂ ಬರೆಯೋಣ. "ಶ್ರೀಮತಿ ಮತ್ತು ಶ್ರೀ" ಎಂದು ಬರೆದು ಗಂಡನ ಹೆಸರೊಂದನ್ನೇ ಹಾಕುವ ಪದ್ಧತಿ ಬೇಡ. ಫಾಕ್‌ಲ್ಯಾಂಡಿನ ನೇಕಾರರಿಗೆ ಸಾಧ್ಯವಾದದ್ದು ನಮಗೆ ಸಾಧ್ಯವಾಗದೇ?

ಎರಡು, ದೊಡ್ಡ ಮೊತ್ತ ಬಂದಾಗ ಮೂಲ ಕೇಳೋಣ. 2017ರ ನಿಯಮಗಳ ಪ್ರಕಾರ ನಾನು ಆಫೀಸಿನಲ್ಲಿ ಪ್ರತಿ ಹೊಸ ಗ್ರಾಹಕನನ್ನೂ ಕೇಳುವ ಪ್ರಶ್ನೆ ಅದು. ಯಾರೂ ಮುನಿಸಿಕೊಳ್ಳುವುದಿಲ್ಲ. ನಮ್ಮವರನ್ನು ಕೇಳಲು ಮಾತ್ರ ನಮಗೆ ಮುಜುಗರ. ದುಡ್ಡು ಕೊಡುವವನನ್ನು ಪ್ರಶ್ನಿಸಿದರೆ ಅವಮಾನ ಎನ್ನುತ್ತೇವೆ. ತನ್ನ ಅಂಗಡಿಯಲ್ಲಿ ದುಡಿಯುವ ವಿದ್ಯಾರ್ಥಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಉಳಿಸಿದ ಹಣ ನಮ್ಮ ಹಾಲ್‌ನ ಚಾವಣಿಯಾಗುವುದಾದರೆ, ಆ ಚಾವಣಿಯ ಕೆಳಗೆ ನಾವು ಯಾವ ಮುಖದಿಂದ ಕೂತು ಕನ್ನಡದ ಮಾತಾಡುವುದು?

ಮೂರು, ದುಡಿಮೆಯನ್ನೂ ಬರೆಯೋಣ. ಐವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡುವ ಕೈಗಳು, ಮಕ್ಕಳಿಗೆ ಶನಿವಾರ ಕನ್ನಡ ಕಲಿಸುವವರ ಗಂಟೆಗಳು ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ಹಣಕ್ಕೆ ಪರಿವರ್ತಿಸಬೇಕಿಲ್ಲ. ವರದಿಯಲ್ಲಿ ಒಂದು ಪುಟ ಸಾಕು. ಹೆಸರು, ಮಾಡಿದ ಕೆಲಸ.

ನಾಲ್ಕು, ಆ ಹಾಲ್‌ನ ಒಳಗೋಡೆಯಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ ಆ ಪ್ಯಾರಿಷ್‌ನ ಹುಡುಗರ ಹೆಸರಿನ ಮರದ ಫಲಕವಿದೆ. ಸಮಿತಿಯಲ್ಲಿ ಒಬ್ಬರು, "ಅಲ್ಲಿ ಭುವನೇಶ್ವರಿಯ ಚಿತ್ರ ಚೆನ್ನಾಗಿ ಕೂರುತ್ತೆ" ಎಂದರು. ಸದುದ್ದೇಶದಿಂದಲೇ ಹೇಳಿದ್ದು. ಆದರೆ ಆ ಫಲಕ ಅಲ್ಲೇ ಇರಲಿ. ಅದರಲ್ಲಿ ಹೆಸರಿರುವ ಮನೆಗಳವರು ಈಗಲೂ ಆ ಬೀದಿಯಲ್ಲಿರಬಹುದು. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಅವರು ಬಂದು ನಿಲ್ಲುವುದಕ್ಕೆ ಬಾಗಿಲು ತೆರೆದಿಡೋಣ. ಭುವನೇಶ್ವರಿಗೆ ಎದುರಿನ ಗೋಡೆ ಇದೆ, ಬೆಳಕೂ ಅಲ್ಲೇ ಚೆನ್ನಾಗಿದೆ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು, ಹಾಗಾದರೆ ಫಾಕ್‌ಲ್ಯಾಂಡಿನ ಚರ್ಚು, ಕಾರಂಜಿ ಎಲ್ಲ ಪಾಪದ ಹಣವೇ, ಕೆಡವಬೇಕೇ? ನನ್ನ ಉತ್ತರ, ಬೇಡ. ಆ ಚರ್ಚಿನಲ್ಲಿ ತಲೆಮಾರುಗಳ ಮಕ್ಕಳಿಗೆ ಹೆಸರಿಟ್ಟಿದ್ದಾರೆ, ಮದುವೆಯಾಗಿದ್ದಾರೆ, ಅತ್ತಿದ್ದಾರೆ. ಅದು ಅವರದು. ಲೆಕ್ಕದ ಪುಸ್ತಕದಲ್ಲಿ ತಪ್ಪು ಕಂಡರೆ ನಾವು ಹಾಳೆ ಹರಿಯುವುದಿಲ್ಲ, ಹರಿಯುವುದು ಅಪರಾಧ. ಕೆಳಗೆ ಟಿಪ್ಪಣಿ ಬರೆಯುತ್ತೇವೆ. ಬ್ಯಾಲೆನ್ಸ್ ಶೀಟ್ ಒಂದು ಪುಟ, ಟಿಪ್ಪಣಿ ನಲವತ್ತು ಪುಟ ಇರುವುದು ನೋಡಿ ನೀವು ನಗುತ್ತೀರಿ. ಸತ್ಯ ಇರುವುದು ಹೆಚ್ಚಾಗಿ ಟಿಪ್ಪಣಿಯಲ್ಲೇ. ಫಾಕ್‌ಲ್ಯಾಂಡಿಗೂ ಬೇಕಾಗಿರುವುದು ಅದೇ. ಸ್ಥಳೀಯ ಇತಿಹಾಸದಲ್ಲಿ ಆಸಕ್ತಿಯಿರುವ ಅಲ್ಲಿನವರು ಮಾರ್ಗರೆಟ್‌ಳ ಕಥೆಯನ್ನು ಈಗ ಹೇಳುತ್ತಿದ್ದಾರೆ, ಅದಕ್ಕೇ ಅದು ನನ್ನಂಥವನ ಕಿವಿಗೂ ಬಿತ್ತು.

ಹೋದ ಸಲ ಅಲ್ಲಿಗೆ ಹೋದಾಗ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಊರಿಂದ ಬಂದಿದ್ದರು. ಚೌಕದ ಬೆಂಚಿನ ಮೇಲೆ ಕೂತು ಮಾರ್ಗರೆಟ್ ಮತ್ತು ಅವಳ ತಾಯಿಯ ಕಥೆ ಹೇಳಿದೆ. ಪೂರ್ತಿ ಕೇಳಿ ಅಮ್ಮ ಒಂದೇ ಪ್ರಶ್ನೆ ಕೇಳಿದರು, "ಆ ಮಗೂನ ಕರ್ಕೊಂಡು ಬರುವಾಗ ಅವಳ ಅಮ್ಮನ್ನ ಯಾಕೆ ಬಿಟ್ಟು ಬಂದ್ರು?" ನನ್ನ ಲೆಕ್ಕದಲ್ಲಿ ಎಸ್ಟೇಟು, ಹುಂಡಿ, ಕಟ್ಟಡ ಎಲ್ಲ ಇತ್ತು, ಆ ಪ್ರಶ್ನೆಗೆ ಕಾಲಂ ಇರಲಿಲ್ಲ. ಅಮ್ಮನ ವಾಪಸು ಟಿಕೆಟ್ ಆ ಗುರುವಾರಕ್ಕೆ ಇತ್ತು. ನಮ್ಮಲ್ಲಿ ಎಷ್ಟು ಜನರ ಅಮ್ಮಂದಿರು ಆರು ತಿಂಗಳ ವೀಸಾದ ಮೇಲೆ ಬಂದು, ಹೋಗಿ, ಬಂದು, ಹೋಗಿ ಮಾಡುತ್ತಿದ್ದಾರೆ ಎಂದು ನಿಮಗೇ ಗೊತ್ತು. ನಾನು ಮಾತು ಬದಲಿಸಿ, "ಕಾಫಿ ಕುಡಿಯೋಣ ಬಾ" ಎಂದೆ.

ನಾಳೆ ಬೆಳಗ್ಗೆ ಹತ್ತು ಗಂಟೆಗೆ ಸಾಮಾನ್ಯ ಸಭೆ. ಪರಿಷ್ಕರಿಸಿದ ಲೆಕ್ಕಪತ್ರ ಬಾಗಿಲ ಬಳಿಯ ಮೇಜಿನ ಮೇಲಿಟ್ಟಿದ್ದೇನೆ. "ಇತರೆ" ಎಂಬ ಸಾಲು ತೆಗೆದಿದ್ದೇನೆ, ಬದಲಿಗೆ ಎರಡು ಪುಟ ಹೆಸರುಗಳಿವೆ. ದಯವಿಟ್ಟು ನಿಮ್ಮ ಹೆಸರು ಹುಡುಕಿ ನೋಡಿ. ಕಾಗುಣಿತ ತಪ್ಪಿದ್ದರೆ, ಹೆಸರೇ ಬಿಟ್ಟುಹೋಗಿದ್ದರೆ ಇವತ್ತು ರಾತ್ರಿ ಊಟಕ್ಕೆ ಮೊದಲು ನನಗೆ ಹೇಳಿ. ನಾಳೆ ಮತ ಹಾಕುವಾಗ ಕಟ್ಟಡಕ್ಕೆ ಹೌದು ಎನ್ನಿ, ಬೇಡ ಎನ್ನಿ, ಅದು ನಿಮಗೆ ಬಿಟ್ಟದ್ದು. ಫಲಕದ ಪ್ರಸ್ತಾಪಕ್ಕೆ ಮಾತ್ರ ಬೇರೆಯಾಗಿ ಕೈ ಎತ್ತಿಸಿ ಎಂದು ಅಧ್ಯಕ್ಷರಲ್ಲಿ ಕೇಳಿಕೊಂಡಿದ್ದೇನೆ.